ಕೆಳದಿಯ ಸೀಮೆಯ ಗದ್ದುಗೆಗಳು

ಒಂದು ನಾಡಿನ ಜನರು ಹೇಗೆ ಬಾಳಿದರೆಂಬುದನ್ನು ಅವರು ಕಟ್ಟಿದ ಕೋಟೆ, ಕೆರೆ, ದೇವಾಲಯಗಳಿಂದ ತಿಳಿಯಬಹುದು. ಆದರೆ ಬಾಳಿನ ಕೊನೆಯನ್ನು ಅವರು ಏನೆಂದು ಭಾವಿಸಿದ್ದರೆಂಬುದನ್ನು ಅರಿಯಬೇಕಾದರೆ, ತೀರಿಕೊಂಡವರನ್ನು ಅವರು ಎಲ್ಲಿ ಇರಿಸಿದರು, ಹೇಗೆ ಇರಿಸಿದರು ಎಂಬುದನ್ನು ನೋಡಬೇಕಾಗುತ್ತದೆ. ನಮ್ಮ ಇತಿಹಾಸ ಗ್ರಂಥಗಳಲ್ಲಿ ಮೊದಲನೆಯ ವಿಷಯಕ್ಕೆ ದೊರೆತಿರುವಷ್ಟು ಸ್ಥಳ ಎರಡನೆಯದಕ್ಕೆ ದೊರೆತಿಲ್ಲ. ಅರಸನ ಪಟ್ಟಾಭಿಷೇಕದ ವರ್ಷವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ; ಅವನು ಮಣ್ಣು ಸೇರಿದ ಬಗೆಯನ್ನು ಹೇಳುವುದಿಲ್ಲ.

ಈ ಕೊರತೆಯನ್ನು ನನಗೆ ತೋರಿಸಿಕೊಟ್ಟವನು ಒಬ್ಬ ವಿದ್ಯಾರ್ಥಿ. ಅಧ್ಯಾಪಕನಾಗಿದ್ದ ಕಾಲದಲ್ಲಿ ಒಂದು ಮಾಗಿಯ ದಿನ ಪ್ರೌಢಶಾಲೆಯ ಮಕ್ಕಳನ್ನು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಗದ್ದೆಯ ಬದುವಿನ ಮೇಲೆ ನಡೆದು, ಕಲ್ಲುಹಾಸಿನ ದಾರಿ ಹಿಡಿದು, ಒಂದರ ಮೇಲೊಂದಾಗಿ ಎದ್ದಿರುವ ಮೂರು ಸುತ್ತಿನ ಕೋಟೆಯ ಬಾಗಿಲುಗಳನ್ನು ದಾಟಿದೆವು. ಕಾಶಿ ವಿಶ್ವನಾಥನ ಗುಡಿಯನ್ನು ನೋಡಿದೆವು. ಅರಮನೆಯ ತಳಪಾಯ, ನೀರು ಹರಿಯಲು ಕಡೆದ ಕಲ್ಲಿನ ಕಾಲುವೆ, ಕೊಳಗಳು, ಇವೆಲ್ಲವನ್ನೂ ನಾನು ಉತ್ಸಾಹದಿಂದ ವರ್ಣಿಸುತ್ತಿದ್ದಾಗ ಹಿಂದಿನ ಸಾಲಿನಲ್ಲಿ ನಿಂತಿದ್ದ ಹುಡುಗನೊಬ್ಬ, "ಸತ್ತ ಅರಸರನ್ನೆಲ್ಲ ಎಲ್ಲಿಟ್ಟರು ಮೇಷ್ಟ್ರೇ?" ಎಂದು ಕೇಳಿದ. ಉಳಿದ ಮಕ್ಕಳು ನಕ್ಕರು. ನಾನು ನಗಲಿಲ್ಲ; ಆದರೆ ಉತ್ತರವನ್ನೂ ಕೊಡಲಿಲ್ಲ. ಕೊಡುವಷ್ಟು ವಿಚಾರ ಮಾಡಿರಲಿಲ್ಲವೆಂಬುದೇ ನಿಜ. ಅಂದು ಉಳಿದ ಪ್ರಶ್ನೆಗೆ ಯಥಾಶಕ್ತಿ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಕವಲೇದುರ್ಗಕ್ಕೆ ಭುವನಗಿರಿ ಎಂಬ ಹೆಸರೂ ಉಂಟು. 1629ರವರೆಗೆ ಆಳಿದ ಹಿರಿಯ ವೆಂಕಟಪ್ಪನಾಯಕನ ಕಾಲದಲ್ಲಿ ಈ ದುರ್ಗ ಅರಮನೆ, ಕಣಜ, ಲಾಯ, ಕೊಳಗಳಿಂದ ಕೂಡಿದ ರಾಜಸ್ಥಾನವಾಯಿತು. ಅವನು ಇಲ್ಲಿ ಅಗ್ರಹಾರವನ್ನು ಏರ್ಪಡಿಸಿದ. ವೀರಶೈವರ ಮಹತ್ತಿನ ಮಠವನ್ನೂ ಸ್ಥಾಪಿಸಿದ. ಶೃಂಗೇರಿಯ ಸಂಪ್ರದಾಯಕ್ಕೂ ಮಹತ್ತಿನ ಮಠಕ್ಕೂ ಒಂದೇ ದುರ್ಗದ ನೆರಳಿನಲ್ಲಿ ಆಶ್ರಯ ದೊರೆತುದು ಕೆಳದಿಯ ಅರಸರ ಔದಾರ್ಯಕ್ಕೆ ಸಾಕ್ಷಿ. ಇದರ ಇನ್ನೊಂದು ಪರಿಣಾಮವನ್ನು ನಾವು ಗಮನಿಸುವುದಿಲ್ಲ. ಒಂದೇ ಊರಿನಲ್ಲಿ, ಒಂದೇ ದಿನ ಇಬ್ಬರು ತೀರಿಕೊಂಡರೆ ಒಬ್ಬರ ದೇಹ ಅಗ್ನಿಗೆ ಸಲ್ಲುತ್ತಿತ್ತು, ಮತ್ತೊಬ್ಬರ ದೇಹ ಮಣ್ಣಿಗೆ ಸಲ್ಲುತ್ತಿತ್ತು. ಸಾವಿನ ಬಗೆಗಿನ ಎರಡು ತಿಳಿವಳಿಕೆಗಳು ಒಂದೇ ಬೆಟ್ಟವನ್ನು ಹಂಚಿಕೊಂಡು ಬಾಳಿದವು.

ವಾಸ್ತವವಾಗಿ ಈ ಸೀಮೆಯಲ್ಲಿ ಎರಡಲ್ಲ, ಇನ್ನೂ ಹಲವು ತಿಳಿವಳಿಕೆಗಳು ಪದರಪದರವಾಗಿ ಉಳಿದಿವೆ. ಹೊಸನಗರ ತಾಲ್ಲೂಕಿನ ನಿಲಸ್ಕಲ್ ಮತ್ತು ಬೈಸೆಗಳಲ್ಲಿ ಕಾಡಿನ ನಡುವೆ ನೆಟ್ಟಗೆ ನಿಲ್ಲಿಸಿದ ಹೆಬ್ಬಂಡೆಗಳಿವೆ. ಬೃಹತ್ ಶಿಲಾ ಸಂಸ್ಕೃತಿಯವೆಂದು ವಿದ್ವಾಂಸರು ಗುರುತಿಸಿರುವ ಈ ಕಲ್ಲುಗಳಲ್ಲಿ ಕೆಲವು ಜೋಡಿಗಳು ಅಯನ ಸಂಕ್ರಮಣದ ದಿನಗಳಲ್ಲಿ ಸೂರ್ಯನು ಹುಟ್ಟುವ ಮತ್ತು ಮುಳುಗುವ ದಿಕ್ಕಿಗೆ ಹೊಂದಿಕೊಂಡಿರುವುದನ್ನು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಅದೇ ತಾಲ್ಲೂಕಿನ ಹುಂಚದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನ ಸಾಧಕರ ನಿಷಿಧಿ ಕಲ್ಲುಗಳಿವೆ. ಮಲೆನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಅವುಗಳ ಕೆಳಗಿನ ಪಟ್ಟಿಯಲ್ಲಿ ವೀರನು ಹೋರಾಡುತ್ತಾನೆ, ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಒಯ್ಯುತ್ತಾರೆ, ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳೊಂದು ಮೇಲೆತ್ತಿ ನಿಂತಿರುತ್ತದೆ. ಆದರೆ ವೀರಗಲ್ಲಾಗಲಿ ಮಾಸ್ತಿಕಲ್ಲಾಗಲಿ ಸಮಾಧಿಯಲ್ಲ. ಅವು ಸ್ಮಾರಕಗಳು. ದೇಹ ಬೆಂಕಿಗೆ ಹೋಗಿದೆ, ಕಥೆ ಕಲ್ಲಿನಲ್ಲಿ ಉಳಿದಿದೆ. ದೇಹವನ್ನೇ ಉಳಿಸಿಕೊಂಡು ಅದರ ಮೇಲೆ ಪೀಠ ಕಟ್ಟುವ ಪದ್ಧತಿ ಈ ಎಲ್ಲ ಪದರಗಳಿಂದ ಬೇರೆಯಾಗಿ ನಿಲ್ಲುತ್ತದೆ. ಅದೇ ಗದ್ದುಗೆ.

ವೀರಶೈವರ ಸಮಾಧಿ ವಿಧಾನ ಭಕ್ತರಿಗೆ ಪರಿಚಿತವಾದುದೇ. ಆದರೂ ಸಾಹಿತ್ಯದ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಅಂತ್ಯಕಾಲ ಸಮೀಪಿಸಿದಾಗ ಜಂಗಮರನ್ನು ಬರಮಾಡಿಕೊಂಡು ವಿಭೂತಿ ವೀಳ್ಯವನ್ನು ಸಲ್ಲಿಸುವುದು ಹಳೆಯ ವಾಡಿಕೆ. ಪ್ರಾಣ ಹೋದ ಮೇಲೆ ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿ ಅಲಂಕರಿಸಿ, ಕುಳ್ಳಿರಿಸಿಯೇ ವಿಮಾನದಲ್ಲಿ ಮೆರವಣಿಗೆಯಾಗಿ ಒಯ್ಯುತ್ತಾರೆ. ಸಮಾಧಿಯ ಕುಣಿಗೆ ಅಳತೆಗೋಲೆಂದರೆ ತೀರಿಕೊಂಡವರ ಪಾದ. ಆ ಪಾದದಿಂದ ಒಂಬತ್ತು ಪಾದದ ಲೆಕ್ಕವನ್ನು ಅನೇಕ ಕಡೆ ಇಟ್ಟುಕೊಂಡಿದ್ದಾರೆ. ಕುಣಿಯೊಳಗೆ ಇಳಿಯಲು ಮೆಟ್ಟಿಲು, ಒಂದು ಬದಿಯ ಗೋಡೆಯಲ್ಲಿ ಕುಳ್ಳಿರಿಸಲು ಗೂಡು. ಅಲ್ಲಿ ಪದ್ಮಾಸನದಲ್ಲಿ ಕುಳ್ಳಿರಿಸಿ, ಬದುಕಿರುವಾಗ ನಿತ್ಯವೂ ಪೂಜಿಸಿದ ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಇರಿಸುತ್ತಾರೆ. ಬಿಲ್ವಪತ್ರೆ, ವಿಭೂತಿಗಳಿಂದ ಗೂಡನ್ನು ತುಂಬುತ್ತಾರೆ. ಷಡಕ್ಷರಿಯನ್ನು ಬರೆದ ಸಣ್ಣ ತಗಡುಗಳನ್ನು ಇಡುವ ವಾಡಿಕೆಯೂ ಕೆಲವೆಡೆ ಇತ್ತೆಂಬುದನ್ನು 20ನೆಯ ಶತಮಾನದ ಆರಂಭದಲ್ಲಿ ಜನಾಂಗಗಳ ವಿವರ ಸಂಗ್ರಹಿಸಿದ ಆಂಗ್ಲ ಅಧಿಕಾರಿಗಳು ದಾಖಲಿಸಿದ್ದಾರೆ. ಜಂಗಮನು ತನ್ನ ಪಾದವನ್ನು ಶಿರದ ಮೇಲಿರಿಸುತ್ತಾನೆ. ಬಳಿಕ ಮಣ್ಣು.

ಈ ವಿಧಾನದಲ್ಲಿ ಎರಡು ಸಂಗತಿಗಳು ಮುಖ್ಯವಾದುವು. ಮೊದಲನೆಯದು ಭಂಗಿ. ಇಲ್ಲಿ ಯಾರನ್ನೂ ಮಲಗಿಸುವುದಿಲ್ಲ. ಮಲಗಿದವನು ನಿದ್ರಿಸುತ್ತಾನೆ, ಕುಳಿತವನು ಪೂಜಿಸುತ್ತಾನೆ. ಎರಡನೆಯದು ಸೂತಕದ ನಿರಾಕರಣೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚ ಸೂತಕಗಳನ್ನು ಲಿಂಗಧಾರಿಯು ಮನ್ನಿಸಬೇಕಾಗಿಲ್ಲವೆಂಬುದು ಶರಣರ ನಿಲುವು. ಸಾವು ಮನೆಯನ್ನು ಮೈಲಿಗೆ ಮಾಡುವುದಿಲ್ಲವೆಂದ ಮೇಲೆ ಸತ್ತವರನ್ನು ಊರಿನಿಂದ ದೂರ ಇರಿಸಬೇಕಾದ ಕಾರಣವೂ ಉಳಿಯುವುದಿಲ್ಲ. ಮಠಗಳಲ್ಲಿ ಕರ್ತೃವಿನ ಗದ್ದುಗೆ ಅಂಗಳದ ನಡುವೆಯೇ ಇರುತ್ತದೆ. ಅದರ ಎದುರಿನಲ್ಲಿ ಮಕ್ಕಳು ಓದುತ್ತಾರೆ, ಅದರ ಪಕ್ಕದಲ್ಲಿ ದಾಸೋಹದ ಒಲೆ ಉರಿಯುತ್ತದೆ, ಅದರ ನೆರಳಿನಲ್ಲಿ ಪಂಕ್ತಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ನಮಗಿದು ನಿತ್ಯದ ನೋಟವಾದುದರಿಂದ ಇದರ ವಿಶೇಷ ನಮಗೆ ತೋರುವುದಿಲ್ಲ.

ಅದು ತೋರಬೇಕಾದರೆ ಬೇರೊಂದು ನಾಡನ್ನು ಪಕ್ಕಕ್ಕಿಟ್ಟು ನೋಡಬೇಕು. ಪ್ರಾಚೀನ ಗ್ರೀಸಿನ ಅಥೆನ್ಸ್ ನಗರವನ್ನು ತೆಗೆದುಕೊಳ್ಳೋಣ. ಪ್ಲೇಟೋವಿನಂಥ ತತ್ತ್ವಜ್ಞನು ಹುಟ್ಟಿದ ಆ ನಗರದಲ್ಲಿ ದಹನವೂ ಇತ್ತು, ಹೂಳುವುದೂ ಇತ್ತು. ಆದರೆ ಎರಡಕ್ಕೂ ಸ್ಥಳ ನಗರದ ಹೆಬ್ಬಾಗಿಲ ಹೊರಗೆ. ಕುಂಬಾರರ ಕೇರಿಯಾದ ಕೆರಾಮೈಕೋಸಿನಲ್ಲಿ, ಹೊರಗೆ ಹೋಗುವ ರಸ್ತೆಗಳ ಎರಡು ಬದಿಗೂ ಗೋರಿಗಳು ಸಾಲಿಟ್ಟಿದ್ದವು. ಸಾವಾದ ಮನೆಯ ಬಾಗಿಲಲ್ಲಿ ನೀರಿನ ಪಾತ್ರೆ ಇರುತ್ತಿತ್ತು. ಒಳಗೆ ಹೋದವರು ಹೊರಬರುವಾಗ ಆ ನೀರನ್ನು ಪ್ರೋಕ್ಷಿಸಿಕೊಂಡು ಶುದ್ಧರಾಗಬೇಕಿತ್ತು. ಸೂತಕದ ಭಾವನೆ ಎಷ್ಟು ಬಲವಾಗಿತ್ತೆಂದರೆ, ಅಪೋಲೋ ದೇವತೆಯ ಪವಿತ್ರ ದ್ವೀಪವಾದ ಡೆಲೋಸಿನಲ್ಲಿದ್ದ ಎಲ್ಲ ಗೋರಿಗಳನ್ನೂ ಅಥೆನ್ಸಿನವರು ಕ್ರಿಸ್ತಪೂರ್ವ 426ರ ಚಳಿಗಾಲದಲ್ಲಿ ಅಗೆಸಿ ತೆಗೆಸಿದರು. ಇನ್ನು ಮುಂದೆ ಆ ದ್ವೀಪದಲ್ಲಿ ಯಾರೂ ಸಾಯಬಾರದು, ಯಾರೂ ಹುಟ್ಟಲೂ ಬಾರದು ಎಂದು ಶಾಸನ ಮಾಡಿದರು. ಸಾವು ಸಮೀಪಿಸಿದವರನ್ನೂ ಹೆರಿಗೆಯ ಹೆಂಗಸರನ್ನೂ ನೆರೆಯ ರೆನೇಯ ದ್ವೀಪಕ್ಕೆ ಸಾಗಿಸಬೇಕಾಯಿತು. ಈ ಸಂಗತಿಯನ್ನು ಗ್ರೀಕ್ ಇತಿಹಾಸಕಾರ ಥುಸಿಡೈಡಿಸ್ ಬರೆದಿಟ್ಟಿದ್ದಾನೆ. ಜನನ ಮರಣಗಳೆರಡನ್ನೂ ದೇವರ ಸನ್ನಿಧಿಯಿಂದ ಹೊರಗಿಟ್ಟ ಆ ದ್ವೀಪವನ್ನೂ, ಗದ್ದುಗೆಯ ಪಕ್ಕದಲ್ಲಿ ಅನ್ನ ಬೇಯಿಸುವ ನಮ್ಮ ಮಠದ ಅಂಗಳವನ್ನೂ ಒಟ್ಟಿಗೆ ನೆನೆದರೆ ಪಂಚ ಸೂತಕಗಳ ನಿರಾಕರಣೆ ಎಷ್ಟು ದೊಡ್ಡ ಹೆಜ್ಜೆಯಾಗಿತ್ತೆಂಬುದು ತಿಳಿದೀತು.

ಅಥೆನ್ಸಿನ ಇನ್ನೊಂದು ಸಂಗತಿಯೂ ನಮ್ಮ ವಿಷಯಕ್ಕೆ ಸಂಬಂಧಿಸಿದೆ. ಅಲ್ಲಿಯ ಶ್ರೀಮಂತರು ಗೋರಿಗಳ ಮೇಲೆ ಪೈಪೋಟಿಯಿಂದ ಅಮೃತಶಿಲೆಯ ಪ್ರತಿಮೆಗಳನ್ನು ನಿಲ್ಲಿಸುತ್ತಿದ್ದರು. ಸೋಲೋನನೆಂಬ ಶಾಸನಕರ್ತನು ಕ್ರಿಸ್ತಪೂರ್ವ 6ನೆಯ ಶತಮಾನದಷ್ಟು ಹಿಂದೆಯೇ ಶವಸಂಸ್ಕಾರದ ಆಡಂಬರಕ್ಕೆ ಮಿತಿ ಹಾಕಿದ. ಅದು ಸಾಲದೆ ಕ್ರಿಸ್ತಪೂರ್ವ 317ರಿಂದ 307ರವರೆಗೆ ಆಳಿದ ಫಲೇರೋನಿನ ಡಿಮಿಟ್ರಿಯಸ್ ಗೋರಿಯ ಮೇಲೆ ಮೂರು ಮೊಳಕ್ಕಿಂತ ಎತ್ತರದ ಕಂಬ ಇರಬಾರದೆಂದು ಕಟ್ಟಳೆ ಮಾಡಿದ. ಸತ್ತವರ ನಡುವೆಯೂ ಬಡವ ಬಲ್ಲಿದರೆಂಬ ಭೇದ ಬೆಳೆಯದಂತೆ ತಡೆಯಲು ಅಲ್ಲಿ ರಾಜಶಾಸನವೇ ಬೇಕಾಯಿತು. ಶರಣಪರಂಪರೆಯಲ್ಲಿ ಅದೇ ಕೆಲಸವನ್ನು ಆಚಾರ ಮಾಡಿತು. ಪಾದವೇ ಅಳತೆಯಾದ ಮೇಲೆ ಅರಸನ ಕುಣಿ ಕೂಲಿಯವನ ಕುಣಿಗಿಂತ ಹೆಚ್ಚಾಗುವುದಾದರೂ ಹೇಗೆ?

ಈ ಆಚಾರದ ಹಿಂದಿನ ತತ್ತ್ವವನ್ನು ವಿಚಾರಿಸುವಾಗ ಒಂದು ಸಂಶಯ ಏಳುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಬುದ್ಧಿವಂತರಾದವರು ಇದನ್ನು ಕೇಳಿದ್ದುಂಟು. ಬಸವಣ್ಣನವರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದವರು. ಕಟ್ಟಿದ ಗುಡಿಗಿಂತ ನಡೆಯುವ ದೇಹವನ್ನೇ ಗುಡಿಯೆಂದು ಮನ್ನಿಸಿದವರು. ಹಾಗಿರುವಾಗ ಉಸಿರು ನಿಂತ ದೇಹದ ಮೇಲೆ ಕಲ್ಲು ಕಟ್ಟುವುದು ಸ್ಥಾವರವಲ್ಲವೇ? ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಇಬ್ಬರು ಮಹಾನುಭಾವಿಗಳು ಪ್ರಶ್ನೆಯ ಪರವಾಗಿಯೇ ನಿಲ್ಲುತ್ತಾರೆ. ಬಳ್ಳಿಗಾವೆಯ ಅಲ್ಲಮಪ್ರಭುಗಳೂ ಉಡುತಡಿಯ ಅಕ್ಕಮಹಾದೇವಿಯೂ ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂಬುದು ಪರಂಪರೆ. ಬಯಲಾದವರಿಗೆ ಗದ್ದುಗೆ ಎಲ್ಲಿಯದು? ಬಸವಣ್ಣನವರಿಗೆ ಕೂಡಲಸಂಗಮದಲ್ಲಿ ಐಕ್ಯಮಂಟಪವಿದೆ. ಚನ್ನಬಸವಣ್ಣನವರಿಗೆ ಉಳವಿಯಲ್ಲಿ ಸಮಾಧಿಯಿದೆ. ಸಿದ್ಧರಾಮೇಶ್ವರರಿಗೆ ಸೊನ್ನಲಿಗೆಯಲ್ಲಿ ಗದ್ದುಗೆಯಿದೆ. ಆದರೆ ಶಿವಮೊಗ್ಗ ಸೀಮೆಯ ಈ ಇಬ್ಬರು ಒಂದು ಹಿಡಿ ಮಣ್ಣನ್ನೂ ತಮ್ಮದೆಂದು ಗುರುತು ಮಾಡಿಸಲಿಲ್ಲ.

ಈ ಸಂಶಯಕ್ಕೆ ಸಮಾಧಾನ ನನಗೆ ದೊರೆತುದು ಅಲ್ಲಮಪ್ರಭುಗಳ ಕಥೆಯಲ್ಲಿಯೇ. ಹರಿಹರನ ಪ್ರಭುದೇವರ ರಗಳೆಯಲ್ಲಿ, ಕಾಮಲತೆಯನ್ನು ಕಳೆದುಕೊಂಡು ದುಃಖದಿಂದ ಅಲೆಯುತ್ತಿದ್ದ ಅಲ್ಲಮನು ತೋಟವೊಂದರಲ್ಲಿ ಕುಳಿತು ಉಗುರಿನಿಂದ ನೆಲವನ್ನು ಕೆದಕುತ್ತಾನೆ. ಮಣ್ಣಿನೊಳಗಿಂದ ಕಳಸ ಕಾಣುತ್ತದೆ. ಅಗೆಸಿದಾಗ ಗುಡಿಯೇ ಹೊರಬರುತ್ತದೆ. ಬಾಗಿಲನ್ನು ತೆರೆದು ನೋಡಿದರೆ ಒಳಗೆ ಅನಿಮಿಷಯ್ಯನು ಅಂಗೈಯಲ್ಲಿ ಲಿಂಗವನ್ನು ಹಿಡಿದು, ದೃಷ್ಟಿಯನ್ನು ಅದರಲ್ಲಿಯೇ ನೆಟ್ಟು, ಪದ್ಮಾಸನದಲ್ಲಿ ಕುಳಿತಿದ್ದಾನೆ. ಆ ಲಿಂಗ ಅಲ್ಲಮನ ಕೈಸೇರುತ್ತದೆ. ಪ್ರೇಯಸಿಯ ಸಾವಿನಿಂದ ಕಂಗೆಟ್ಟವನು ಅಲ್ಲಿಂದ ಪ್ರಭುವಾಗಿ ಹೊರಡುತ್ತಾನೆ. ಈ ಪ್ರಸಂಗವನ್ನು ಸಾಹಿತ್ಯದ ವಿದ್ಯಾರ್ಥಿಗಳು ಅನುಗ್ರಹದ ಕಥೆಯಾಗಿ ಓದುತ್ತಾರೆ. ಅದರ ಜೊತೆಗೆ ಸಮಾಧಿಯ ಕಥೆಯಾಗಿಯೂ ಓದಬೇಕೆಂದು ನನ್ನ ವಿನಂತಿ. ಮಣ್ಣಿನೊಳಗಿನ ಗೂಡು, ಕುಳಿತ ಭಂಗಿ, ಅಂಗೈಯ ಲಿಂಗ, ಇವೆಲ್ಲವೂ ನಮ್ಮ ಸಮಾಧಿ ವಿಧಾನದಲ್ಲಿ ಇರುವಂಥವೇ. ಅಲ್ಲಿ ಕುಳಿತವನು ಸತ್ತವನೆಂದು ಕವಿ ಹೇಳುವುದಿಲ್ಲ, ಬದುಕಿದವನೆಂದೂ ಒತ್ತಿ ಹೇಳುವುದಿಲ್ಲ. ಕೊಡಬೇಕಾದುದನ್ನು ಕೈಯಲ್ಲಿ ಹಿಡಿದುಕೊಂಡು, ಪಡೆಯುವವನಿಗಾಗಿ ಕಾಯುತ್ತಿದ್ದವನು ಅವನು.

ಗದ್ದುಗೆಯೆಂಬ ಶಬ್ದದ ಅರ್ಥವೂ ಇದನ್ನೇ ಸಮರ್ಥಿಸುತ್ತದೆ. ಗದ್ದುಗೆಯೆಂದರೆ ಗೋರಿಯಲ್ಲ, ಪೀಠ. ಅರಸನು ಪಟ್ಟವೇರಿದರೂ ಗದ್ದುಗೆ ಏರಿದನೆನ್ನುತ್ತೇವೆ. ಶರಣನು ಐಕ್ಯನಾದರೂ ಅವನದು ಗದ್ದುಗೆಯೇ. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ನೆಲೆಗಳನ್ನು ದಾಟಿದ ಮೇಲೆ ಬರುವ ಆರನೆಯ ನೆಲೆಗೆ ಐಕ್ಯವೆಂದು ಹೆಸರು. ಅದು ಬದುಕಿರುವಾಗಲೇ ಸಾಧಿಸಬೇಕಾದ ನಿಲುವು. ಇಂದು ನಾವು ತೀರಿಕೊಂಡ ಎಲ್ಲರನ್ನೂ ಲಿಂಗೈಕ್ಯರೆಂದು ಗೌರವದಿಂದ ಕರೆಯುತ್ತೇವೆ. ಅದು ಲೋಕರೂಢಿ, ತಪ್ಪೆನ್ನಲಾಗದು. ಆದರೆ ಆ ಶಬ್ದದ ಮೂಲದ ಭಾರವನ್ನು ಮರೆಯಬಾರದು. ಗದ್ದುಗೆ ಸಾವಿನ ಗುರುತಾದರೆ ಅದು ಸ್ಥಾವರ; ಸಾಧನೆಯ ಗುರುತಾಗಿ, ನೋಡಿದವನಲ್ಲಿ ಸಾಧನೆಯನ್ನು ಎಬ್ಬಿಸಿದರೆ ಅದು ಜಂಗಮವೇ.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಕೆಳದಿಯ ಅರಸರು ಎಲ್ಲಿದ್ದಾರೆ? ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಬದಲಾದಂತೆ ಅವರ ಸಮಾಧಿಗಳೂ ಬೇರೆ ಬೇರೆ ನೆಲೆಗಳನ್ನು ಕಂಡವು. ಬಿದನೂರೆಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಅಲ್ಲಿ ಶಿವಪ್ಪನಾಯಕನದೆಂದು ಜನ ಗುರುತಿಸುವ ಸಮಾಧಿಯಿದೆ. ರಾಣಿ ಚೆನ್ನಮ್ಮಾಜಿಯ ಸಮಾಧಿ ಕೊಪ್ಪಲು ಮಠದಲ್ಲಿದೆಯೆಂಬುದು ಪ್ರಸಿದ್ಧ. ರಾಣಿಯ ಸಮಾಧಿಗೆ ಅರಮನೆಯ ಅಂಗಳವಾಗಲಿ ಕೋಟೆಯ ತುದಿಯಾಗಲಿ ಅಲ್ಲ, ಮಠವೇ ನೆಲೆಯಾಯಿತೆಂಬುದನ್ನು ಗಮನಿಸಬೇಕು. ಬದುಕಿರುವಾಗ ಮಠಕ್ಕೆ ಭೂಮಿಯನ್ನು ಕೊಟ್ಟವರು ಕೊನೆಗೆ ಮಠದಿಂದ ಭೂಮಿಯನ್ನು ಪಡೆದರು.

ಶಿವಪ್ಪನಾಯಕನ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. 1645ರಿಂದ 1660ರವರೆಗೆ ಆಳಿದ ಈ ಅರಸನ ಹೆಸರನ್ನು ಜನ ಇಂದಿಗೂ ನೆನೆಯುವುದು ಅವನ ಶಿಸ್ತಿನಿಂದ. ನಾಡಿನ ನೆಲವನ್ನು ಅಳೆಸಿ, ಫಲವತ್ತತೆಗೆ ಅನುಸಾರವಾಗಿ ಐದು ದರ್ಜೆ ಮಾಡಿ, ಕಂದಾಯವನ್ನು ನಿಗದಿಪಡಿಸಿದ ಕ್ರಮ ಅದು. ಅವನ ಕಾಲದಲ್ಲಿಯೇ ಬಿಜಾಪುರದಲ್ಲಿ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಹನ ಗೋರಿಯಾಗಿ ಗೋಲಗುಮ್ಮಟ ಎದ್ದಿತು. ಸುಮಾರು 38 ಮೀಟರ್ ಒಳವ್ಯಾಸವುಳ್ಳ ಅದರ ಗುಮ್ಮಟ ಜಗತ್ತಿನ ಅದ್ಭುತಗಳಲ್ಲಿ ಒಂದೆನಿಸಿದೆ. ಆಗ್ರದಲ್ಲಿ ತಾಜಮಹಲು ಪೂರ್ಣಗೊಂಡುದೂ ಅದೇ ತಲೆಮಾರಿನಲ್ಲಿ. ಆ ಶಿಲ್ಪಗಳ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಕಟ್ಟಿಸಿದ ಮನೆತನಕ್ಕೆ ಶಿಲ್ಪಿಗಳ ಕೊರತೆಯಿರಲಿಲ್ಲ, ಕಲ್ಲಿಗೆ ಬಡತನವಿರಲಿಲ್ಲ, ಹಣಕ್ಕೂ ಅಭಾವವಿರಲಿಲ್ಲ. ಆದರೂ ಕೆಳದಿಯ ಅರಸರು ತಮ್ಮ ಸಮಾಧಿಯ ಮೇಲೆ ಮುಗಿಲಿಗೆ ಏರುವ ಕಟ್ಟಡವನ್ನು ಬಯಸಲಿಲ್ಲ. ನಾಡಿನ ನೆಲವನ್ನೆಲ್ಲ ಅಳೆಸಿದ ಅರಸನಿಗೆ ಆಚಾರವು ಕೊನೆಯಲ್ಲಿ ಅಳೆದುಕೊಟ್ಟುದು ಅವನದೇ ಪಾದದಷ್ಟನ್ನು.

ಇದಕ್ಕೆ ಅಪವಾದವಿಲ್ಲವೆಂದಲ್ಲ. ಕೊಡಗನ್ನಾಳಿದ ಹಾಲೇರಿ ಅರಸರು ಇಕ್ಕೇರಿಯ ಮನೆತನದ ಕವಲೆಂಬುದು ಪರಂಪರೆ. ಮಡಿಕೇರಿಯಲ್ಲಿ 1809ರಲ್ಲಿ ತೀರಿಕೊಂಡ ದೊಡ್ಡ ವೀರರಾಜೇಂದ್ರನ ಮತ್ತು 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರನ ಗದ್ದುಗೆಗಳ ಮೇಲೆ ಗುಮ್ಮಟಗಳೂ ಮೂಲೆಗಳಲ್ಲಿ ಮಿನಾರುಗಳೂ ಇವೆ. ಹೊರಗಿನಿಂದ ನೋಡಿದವರು ಅವನ್ನು ಮುಸಲ್ಮಾನ ದೊರೆಗಳ ಗೋರಿಗಳೆಂದೇ ಭ್ರಮಿಸುತ್ತಾರೆ. ಕಾಲಧರ್ಮವು ಹೊರಗಿನ ಕಲ್ಲನ್ನು ಬದಲಿಸಬಲ್ಲದೆಂಬುದಕ್ಕೆ ಇದು ನಿದರ್ಶನ. ಆದರೆ ಅಲ್ಲಿಯೂ ಹೆಸರು ಗದ್ದುಗೆಯೇ. ಅಲ್ಲಿಯೂ ಅರಸರ ಪಕ್ಕದಲ್ಲಿ ಅವರ ಗುರುವಿಗೆ ಸ್ಥಾನವಿದೆ. ಅವರಿಗಾಗಿ ಹೋರಾಡಿದ ಬಿದ್ದಂಡ ಮನೆತನದ ಯೋಧರ ಸಮಾಧಿಗಳೂ ಸಮೀಪದಲ್ಲಿಯೇ ಇವೆ.

ಸೇವಕರ ಮಾತು ಬಂದುದರಿಂದ ಕೆಳದಿಯ ಮೂಲದ ಒಂದು ಐತಿಹ್ಯವನ್ನು ಇಲ್ಲಿ ಹೇಳಬೇಕು. ಮನೆತನದ ಮೂಲಪುರುಷನಾದ ಚೌಡಪ್ಪನಿಗೆ ನಿಧಿ ದೊರೆತಾಗ ಅದಕ್ಕೆ ಬಲಿ ಬೇಕಾಯಿತೆಂದೂ, ಯಡವ ಮತ್ತು ಮುರಾರಿ ಎಂಬ ಇಬ್ಬರು ಆಳುಗಳು ತಮ್ಮನ್ನೇ ಒಪ್ಪಿಸಿಕೊಂಡು, ತಮ್ಮ ಹೆಸರು ಉಳಿಯಬೇಕೆಂಬುದೊಂದನ್ನೇ ಬೇಡಿಕೊಂಡರೆಂದೂ ಐತಿಹ್ಯ ಹೇಳುತ್ತದೆ. ನರಬಲಿಯನ್ನು ಶರಣಧರ್ಮ ಒಪ್ಪುವುದಿಲ್ಲ. ಆ ಭಾಗವನ್ನು ಸಮರ್ಥಿಸುವ ಅಗತ್ಯವೂ ಇಲ್ಲ. ಆದರೆ ಮುಂದಿನ ಅರಸರೆಲ್ಲರೂ ಕೋಟೆಕೋಲಾಹಲರೆಂಬ ಬಿರುದಿನ ಜೊತೆಗೆ ಯಡವಮುರಾರಿ ಎಂಬ ಬಿರುದನ್ನು ತಮ್ಮ ಹೆಸರಿನ ಮುಂದೆ ಧರಿಸಿದರೆಂಬುದು ಇತಿಹಾಸ. ಎರಡೂವರೆ ಶತಮಾನಗಳ ಕಾಲ ಈ ನಾಡಿನ ದೊರೆಗಳು ಶಾಸನಗಳಲ್ಲಿ ತಮ್ಮ ಹೆಸರಿಗಿಂತ ಮೊದಲು ಇಬ್ಬರು ಆಳುಗಳ ಹೆಸರನ್ನು ಬರೆಸುವ ಪರಂಪರೆಯನ್ನು ನಡೆಸಿದರು. ಕಲ್ಲಿನ ಗೋರಿಗಿಂತ ದೊಡ್ಡ ಸ್ಮಾರಕ ಇದಲ್ಲವೇ?

ಸ್ತ್ರೀಯರ ವಿಷಯದಲ್ಲಿಯೂ ಈ ಸೀಮೆಯ ಸಮಾಧಿಗಳು ಹೇಳುವ ಮಾತೊಂದಿದೆ. 1623ರಲ್ಲಿ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಗಂಡನನ್ನು ಕಳೆದುಕೊಂಡು ಚಿತೆಯೇರಲು ನಿರ್ಧರಿಸಿದ್ದ ತೆಲುಗು ಹೆಂಗಸೊಬ್ಬಳನ್ನು ಕಂಡು ಮಾತನಾಡಿಸಿದುದನ್ನು ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಅದಕ್ಕೂ ಒಂದು ಶತಮಾನ ಹಿಂದೆ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ, ಕೊರಳಲ್ಲಿ ಕಲ್ಲನ್ನು ದೇವರೆಂದು ಧರಿಸುವ ಪಂಗಡವೊಂದರಲ್ಲಿ ಗಂಡನೊಡನೆ ಹೆಂಡತಿಯನ್ನೂ ಜೀವಂತ ಹೂಳುತ್ತಿದ್ದರೆಂದು ವಿಜಯನಗರದ ವರ್ಣನೆಯಲ್ಲಿ ಹೇಳಿದ್ದಾನೆ. ಅದನ್ನು ಲಿಂಗಧಾರಿಗಳಿಗೆ ಅನ್ವಯಿಸುವ ವಿದ್ವಾಂಸರಿದ್ದಾರೆ. ನಮಗೆ ಅಪ್ರಿಯವೆಂದು ಇದನ್ನು ಮರೆಮಾಚುವುದು ಸರಿಯಲ್ಲ. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗವನ್ನು ಕೊಟ್ಟ ಧರ್ಮದಲ್ಲಿ ಅಂಥದು ಎಲ್ಲಿಯಾದರೂ ನಡೆದಿದ್ದರೆ ಅದು ಧರ್ಮದಿಂದ ಜಾರಿದ ನಡೆಯೇ ಹೊರತು ಧರ್ಮವಲ್ಲ. ಇದಕ್ಕೆ ಕೆಳದಿಯೇ ಪ್ರಮಾಣ. 1672ರ ಸುಮಾರಿಗೆ ಪತಿ ಸೋಮಶೇಖರನಾಯಕನು ಕೊಲೆಯಾದಾಗ ಚೆನ್ನಮ್ಮಾಜಿ ಅವನ ಹಿಂದೆ ಹೋಗಲಿಲ್ಲ. ಇಪ್ಪತ್ತೈದು ವರ್ಷ ನಾಡನ್ನಾಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. 1697ರಲ್ಲಿ ತೀರಿಕೊಂಡಾಗ, ಯಾರ ಪಕ್ಕದ ನೆರಳಾಗಿಯೂ ಅಲ್ಲದೆ ತನ್ನದೇ ಗದ್ದುಗೆಯಲ್ಲಿ ನೆಲೆಗೊಂಡಳು.

ಕೊನೆಯ ರಾಣಿ ವೀರಮ್ಮಾಜಿಗೆ ಆ ಭಾಗ್ಯ ದೊರೆಯಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡ. ಸೆರೆಯಾದ ರಾಣಿಯನ್ನು ದತ್ತುಪುತ್ರನೊಡನೆ ಮಧುಗಿರಿಯ ಕೋಟೆಯಲ್ಲಿ ಇರಿಸಲಾಯಿತು. 1767ರಲ್ಲಿ ಮರಾಠರು ಬಿಡಿಸಿದ ಮೇಲೆ ಪುಣೆಗೆ ಹೋಗುವ ದಾರಿಯಲ್ಲಿ ಅವಳು ತೀರಿಕೊಂಡಳೆಂದು ಇತಿಹಾಸಕಾರರು ಬರೆಯುತ್ತಾರೆ. ಪೂರ್ವಜರ ಗದ್ದುಗೆಗಳಿಂದ ಅಷ್ಟು ದೂರದಲ್ಲಿ ಮುಗಿದ ಆ ಬಾಳನ್ನು ನೆನೆದಾಗ ಕವಲೇದುರ್ಗದ ಬೋಳು ತಳಪಾಯಗಳು ಇನ್ನಷ್ಟು ಬೋಳಾಗಿ ಕಾಣುತ್ತವೆ.

ಗದ್ದುಗೆಗಳ ಇಂದಿನ ಸ್ಥಿತಿಯ ಬಗೆಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಹೆಚ್ಚಿನ ಗದ್ದುಗೆಗಳ ಮೇಲೆ ಬರಹವಿಲ್ಲ. ಒಂದು ಲಿಂಗವೋ ನಂದಿಯೋ ಇದ್ದರೆ ಅದೇ ಹೆಚ್ಚು. ಅರಸರ ಸೀಮೆಯಾದುದರಿಂದ ಗದ್ದುಗೆಯ ಒಳಗೆ ಹೊನ್ನಿರಬೇಕೆಂಬ ದುರಾಸೆ ಕೆಲವರಲ್ಲಿ ಬೆಳೆದಿದೆ. ನಿವೃತ್ತನಾದ ಮೇಲೆ ಒಮ್ಮೆ ಕಾಡಂಚಿನ ಊರೊಂದಕ್ಕೆ ಹೋಗಿದ್ದಾಗ, ಹಿಂದಿನ ರಾತ್ರಿ ಯಾರೋ ನಿಧಿಯಾಸೆಯಿಂದ ಅಗೆದು ಹಾಕಿದ್ದ ಹಳೆಯ ಗದ್ದುಗೆಯೊಂದನ್ನು ಕಂಡೆ. ಕಲ್ಲುಗಳು ಉರುಳಿದ್ದವು. ಕುಣಿಯ ಬಾಯಲ್ಲಿ ಬಿಳಿಯ ವಿಭೂತಿಯ ಹುಡಿ ಚೆಲ್ಲಿತ್ತು. ಅದರ ನಡುವೆ ಕಪ್ಪು ಕವಚ ಬಿರಿದಿದ್ದ ಒಂದು ಇಷ್ಟಲಿಂಗ. ಕಳ್ಳರು ಅದನ್ನು ಎತ್ತಿ ನೋಡಿ ಎಸೆದು ಹೋಗಿದ್ದರು. ಊರಿನ ಹಿರಿಯರೊಬ್ಬರು ದಂಡೆಯಲ್ಲಿ ತಲೆಗೆ ಕೈಕೊಟ್ಟು ಕುಳಿತಿದ್ದರು. "ಅಜ್ಜಯ್ಯ ಇಲ್ಲಿ ಕೂತಿದಾರೆ ಅಂತ ನಾವು ಈ ದಾರೀಲಿ ಚಪ್ಪಲಿ ಬಿಟ್ಟು ಓಡಾಡೋದು ಸ್ವಾಮಿ. ಇವರಿಗೆ ಕೂತವರು ಕಾಣಲೇ ಇಲ್ವಲ್ಲ" ಎಂದರು.

ಆ ಹಿರಿಯರು ಅಜ್ಜಯ್ಯನನ್ನು ಹೂಳಿದ್ದಾರೆ ಎನ್ನಲಿಲ್ಲ, ಕೂತಿದ್ದಾರೆ ಎಂದರು. ಅವರು ಷಟ್‌ಸ್ಥಲವನ್ನು ಓದಿದವರಲ್ಲ, ಹರಿಹರನ ರಗಳೆಯ ಹೆಸರನ್ನು ಕೇಳಿದವರೂ ಅಲ್ಲ. ಆದರೂ ಅನಿಮಿಷಯ್ಯನ ಕಥೆಯ ತಿರುಳು ಅವರ ಒಂದು ಕ್ರಿಯಾಪದದಲ್ಲಿತ್ತು. ಅಂದು ಮಧ್ಯಾಹ್ನ ಊರಿನವರೆಲ್ಲ ಸೇರಿ, ಲಿಂಗವನ್ನು ನೀರಿನಿಂದ ತೊಳೆದು, ಬಿಲ್ವಪತ್ರೆಯೊಡನೆ ಮೊದಲಿದ್ದಲ್ಲಿಗೇ ಇಳಿಸಿ, ಮಣ್ಣು ಮುಚ್ಚಿ ಕಲ್ಲುಗಳನ್ನು ಜೋಡಿಸಿದರು. ನಾನೂ ಎರಡು ಬುಟ್ಟಿ ಮಣ್ಣು ಹಾಕಿದೆ.

ಗದ್ದುಗೆಯೊಳಗೆ ಹೊನ್ನಿಲ್ಲವೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸುವುದು ಅಧ್ಯಾಪಕರ, ಮಠಗಳ, ಊರ ಹಿರಿಯರ ಕರ್ತವ್ಯ. ಇದಕ್ಕೆ ಕಾವಲುಗಾರರಿಗಿಂತ ಮೊದಲು ತಿಳಿವಳಿಕೆ ಬೇಕು. ಪ್ರತಿಯೊಂದು ಊರಿನ ಗದ್ದುಗೆಯ ಹೆಸರು, ಅದನ್ನು ಕುರಿತು ಹಿರಿಯರು ಹೇಳುವ ಮಾತು, ಅದು ಇರುವ ಸ್ಥಳ, ಇಷ್ಟನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ಬರೆದಿಟ್ಟರೂ ದೊಡ್ಡ ಉಪಕಾರವಾದೀತು. ಆ ಹಿರಿಯರು ಹೋದ ಮೇಲೆ ಬರಹವಿಲ್ಲದ ಕಲ್ಲನ್ನು ಓದಿ ಹೇಳುವವರು ದೊರೆಯುವುದಿಲ್ಲ.

ಕವಲೇದುರ್ಗದ ಮೇಲೆ ನನ್ನನ್ನು ಪ್ರಶ್ನಿಸಿದ ಹುಡುಗ ಈಗ ಎಲ್ಲಿದ್ದಾನೋ, ಬೆಳೆದು ತನ್ನ ಮಕ್ಕಳಿಗೆ ತಂದೆಯಾಗಿರಬಹುದು. ಈ ಬರಹ ಅವನ ಕಣ್ಣಿಗೆ ಬಿದ್ದರೆ ನನ್ನ ಉತ್ತರವಿಷ್ಟು: ಅರಸರು ಬೆಟ್ಟದ ಮೇಲೆ ಉಳಿಯಲಿಲ್ಲ ಮಗು. ಅವರು ಕೆಳಗಿಳಿದು ಮಠದ ಅಂಗಳಕ್ಕೆ ಬಂದರು, ತಮ್ಮ ಪಾದದ ಅಳತೆಯ ನೆಲದಲ್ಲಿ, ಕೈಯಲ್ಲಿ ಲಿಂಗ ಹಿಡಿದು, ಎಲ್ಲರಂತೆ ಕೂತಿದ್ದಾರೆ.